ನಲವತ್ತೊಂದು ಸೆಕೆಂಡಿನ ಬಿಲ್ಡ್

ನಮ್ಮ ದೊಡ್ಡ ಭಾವ ಸುಳ್ಳು ಹೇಳುವವರಲ್ಲ. ಸುಳ್ಳಿಗೆ ಬೇಕಾದ ಚುರುಕು ಅವರಿಗೆ ಹುಟ್ಟಿನಿಂದಲೇ ಇಲ್ಲ. ಒಂದು ಮಾತು ಹೇಳಬೇಕಾದರೆ ಅವರು "ಅದೇನಾಗುತ್ತೆ ಅಂದ್ರೆ" ಎಂದು ಶುರುಮಾಡಿ, ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, ಆಮೇಲೆ ಮುಂದಿನ ಮಾತಿಗೆ ಬರುತ್ತಾರೆ. ಅಷ್ಟರಲ್ಲಿ ಎದುರಿಗಿದ್ದವರು ಆ ಮಾತನ್ನು ತಮಗೆ ಬೇಕಾದ ಹಾಗೆ ಮುಗಿಸಿ, ತಾವೇ ಒಪ್ಪಿಕೊಂಡು, ಎದ್ದು ಹೋಗಿರುತ್ತಾರೆ. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಅಕ್ಕನಾದರೂ ಅವರ ಒಂದು ವಾಕ್ಯವನ್ನು ಕೊನೆಯವರೆಗೆ ಕೇಳಿದ್ದಾಳೋ ಇಲ್ಲವೋ ಅನುಮಾನ. ಇಂಥ ಮನುಷ್ಯ ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ, ಒಂದೇ ಉಸಿರಿನಲ್ಲಿ ಒಂದು ಇಡೀ ವಾಕ್ಯ ಹೇಳಿಬಿಟ್ಟರು. ಆಮೇಲಿನ ಎಂಟು ದಿನ ನಮಗೆ ಯಾರಿಗೂ ಒಂದು ಕಡೆ ನೆಟ್ಟಗೆ ಕೂರಲು ಆಗಲಿಲ್ಲ.

ಆಗಿದ್ದು ಇಷ್ಟು. ನಮ್ಮ ಮನೆಗೆ ಇಬ್ಬರು ಅಳಿಯಂದಿರು. ದೊಡ್ಡ ಭಾವ ಟೋಕನ್ ಮೆಷಿನ್ ತಯಾರಿಸುವ ಸಣ್ಣ ಕಂಪನಿಯಲ್ಲಿ ಇಂಜಿನಿಯರ್. ಗುಂಡಿ ಒತ್ತಿದರೆ ನಂಬರ್ ಬರೆದ ಚೀಟಿ ಬರುತ್ತದಲ್ಲ, ಗೋಡೆಯ ಬೋರ್ಡಿನಲ್ಲಿ ನಮ್ಮ ನಂಬರ್ ಕಂಡಾಗ ಎದ್ದು ಹೋಗುತ್ತೇವಲ್ಲ, ಆ ಮೆಷಿನ್. ಚಿಕ್ಕಕ್ಕನ ಗಂಡ, ಅಂದರೆ ಚಿಕ್ಕ ಭಾವ, ದಾಖಲೆ ಪತ್ರ ಕೊಡುವ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್. ಅವರ ಕಚೇರಿಗೂ ನಾವೇ ಮೆಷಿನ್ ಕೊಟ್ಟಿದ್ದೇವೆ. ನಾವು ಎಂದು ಹೇಳುವ ಹಕ್ಕು ನನಗೂ ಇದೆ. ನಾನು ಅದೇ ಕಂಪನಿಯ ಟೆಸ್ಟಿಂಗ್ ವಿಭಾಗ. ವಿಭಾಗದಲ್ಲಿರುವವನು ನಾನೊಬ್ಬನೇ.

"ಅಲ್ಲಾ ಅಣ್ಣ, ಮೆಷಿನ್‌ನಲ್ಲಿ ಒಂದು ಅಕ್ಷರ ತಪ್ಪಿದೆ, ತಿದ್ದಿ ಅಂತ ಬರೆದು ಮೂರು ವಾರ ಆಯ್ತು. ಒಂದು ಅಕ್ಷರಕ್ಕೆ ಮೂರು ವಾರಾನಾ?" ಎಂದು ಚಿಕ್ಕ ಭಾವ ಎಲ್ಲರ ಎದುರಿಗೆ ಕೇಳಿದರು.

"ಅದೇನಾಗುತ್ತೆ ಅಂದ್ರೆ, ಪ್ರತಿ ಸಲ ಬಿಲ್ಡ್ ಮಾಡೋಕೆ ಐವತ್ಮೂರು ನಿಮಿಷ..."

"ಐವತ್ಮೂರು ನಿಮಿಷ! ಅಷ್ಟು ಹೊತ್ತು ನೀವೇನು ಮಾಡ್ತೀರಿ?"

ದೊಡ್ಡ ಭಾವ ಯೋಚಿಸಿ, ಪ್ರಾಮಾಣಿಕವಾಗಿ, "ಕಾಯ್ತೀನಿ" ಎಂದರು.

ಚಿಕ್ಕ ಭಾವನಿಗೆ ನಗು ತಡೆಯಲಾಗದೆ ನೆತ್ತಿಗೆ ಹತ್ತಿತು. ಅಮ್ಮ ಅವರ ಬೆನ್ನು ಸವರಿ ನೀರು ಕೊಟ್ಟು, ಅದೇ ಕೈಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಕ್ಕ ತಟ್ಟೆ ನೋಡುತ್ತ ಕೂತಳು. ಅಕ್ಕ ತಲೆ ತಗ್ಗಿಸಿದ್ದನ್ನು ದೊಡ್ಡ ಭಾವ ನೋಡಿದರು. ಕಿವಿಯೆಲ್ಲ ಕೆಂಪಾಯಿತು. "ನಾನು ಮನಸ್ಸು ಮಾಡಿದ್ರೆ ಶುಕ್ರವಾರದೊಳಗೆ ಅದನ್ನ ಐದು ನಿಮಿಷಕ್ಕೆ ಇಳಿಸ್ತೀನಿ!" ಎಂದುಬಿಟ್ಟರು.

ಬಿಲ್ಡ್ ಅಂದರೇನೆಂದು ಇಲ್ಲಿ ಹೇಳಿಬಿಡುತ್ತೇನೆ. ಭಾವ ದಿನಕ್ಕೊಮ್ಮೆ, ಹನ್ನೊಂದು ಗಂಟೆಗೆ, ಒಂದು ಕೀಲಿ ಒತ್ತುತ್ತಾರೆ. ಕಂಪ್ಯೂಟರ್ ಮೊದಲು ಕೋರ್ ಎನ್ನುವ ತಳಹದಿಯನ್ನು ಹಾಕುತ್ತದೆ. ಅದರ ಮೇಲೆ ಏಳುನೂರ ಹನ್ನೆರಡು ತುಣುಕುಗಳನ್ನು ಒಂದೊಂದಾಗಿ ಜೋಡಿಸುತ್ತದೆ. ಕೊನೆಗೆ ಎಲ್ಲವನ್ನೂ ಒಂದು ಮೆಮೊರಿ ಕಾರ್ಡಿಗೆ ತುಂಬಿಸಿ, ಪರದೆಯ ಮೇಲೆ ಒಂದು ಹಸಿರು ಗುರುತು ತೋರಿಸುತ್ತದೆ. ಆ ಕಾರ್ಡನ್ನು ಮೆಷಿನ್‌ಗೆ ಹಾಕಿದರೆ ಮೆಷಿನ್‌ಗೆ ಜೀವ ಬಂತು. ಅಕ್ಷರವೊಂದನ್ನು ತಿದ್ದಿದರೂ ಮತ್ತೆ ಮೊದಲಿನಿಂದ ಐವತ್ಮೂರು ನಿಮಿಷ.

ನಮ್ಮ ಆಫೀಸು ಬದುಕುತ್ತಿದ್ದದ್ದೇ ಆ ಐವತ್ಮೂರು ನಿಮಿಷದಲ್ಲಿ. ಮ್ಯಾನೇಜರ್ ಸಾಹೇಬರು ಡಾಕ್ಟರ್ ಹೇಳಿದ ನಡಿಗೆಯನ್ನು ಕಾರಿಡಾರಿನಲ್ಲಿ ಅಷ್ಟರೊಳಗೆ ಮುಗಿಸುತ್ತಿದ್ದರು. ಲೆಕ್ಕದ ಮೇಡಂ ತಂಗಿಗೆ ಫೋನ್ ಮಾಡಿ ಅತ್ತೆಯ ವಿಚಾರ ಮಾತಾಡುತ್ತಿದ್ದರು. ನಾನು ಟೆಸ್ಟಿಂಗ್ ವಿಭಾಗಕ್ಕೆ ಒಳಗಿನಿಂದ ಚಿಲಕ ಹಾಕಿಕೊಂಡು ಕಣ್ಣಿಗೆ ವಿಶ್ರಾಂತಿ ಕೊಡುತ್ತಿದ್ದೆ.

ಸೋಮವಾರ ಬೆಳಗ್ಗೆ ಚಿಕ್ಕ ಭಾವ ಸುಮ್ಮನಿರಲಿಲ್ಲ. ಕಚೇರಿಯ ಸೀಲು ಒತ್ತಿದ ಕಾಗದವನ್ನೇ ನಮ್ಮ ಮ್ಯಾನೇಜರಿಗೆ ಕಳಿಸಿದರು. 'ತಮ್ಮ ಇಂಜಿನಿಯರರು ಶುಕ್ರವಾರದೊಳಗೆ ಐದು ನಿಮಿಷಕ್ಕೆ ಇಳಿಸುವುದಾಗಿ ಭರವಸೆ ನೀಡಿರುತ್ತಾರೆ. ಅಂದು ನಮ್ಮ ದೊಡ್ಡ ಸಾಹೇಬರು ಖುದ್ದು ವೀಕ್ಷಿಸಲಿದ್ದಾರೆ.'

ಮ್ಯಾನೇಜರ್ ಭಾವನನ್ನು ಕರೆದರು. "ಐದು ನಿಮಿಷ ಅಂತ ಹೇಳಿದ್ರಂತೆ?"

"ಅದೇನಾಗುತ್ತೆ ಅಂದ್ರೆ ಸಾರ್..."

"ಆಗೋದಿದ್ರೆ ಸರಿ. ಆಗದಿದ್ರೆ ನಾನು ಸುಳ್ಳುಗಾರ ಆಗ್ತೀನಿ. ಹೊರಗಿನ ಕಂಪನಿಯವರು ಈ ಕೆಲಸಾನ ನಮಗೇ ಕೊಡಿ ಅಂತ ಒಂದು ವರ್ಷದಿಂದ ಬಾಗಿಲು ಬಡೀತಾ ಇದಾರೆ. ಶುಕ್ರವಾರ ಆಗಲಿಲ್ಲ ಅಂದ್ರೆ ಸೋಮವಾರ ನಿಮ್ಮ ಕುರ್ಚಿ ಖಾಲಿ."

ಭಾವನಿಗೆ ಐವತ್ತೊಂದು ವರ್ಷ. ಹತ್ತೊಂಬತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತವರು. ಈ ವಯಸ್ಸಿನಲ್ಲಿ ಹೊಸ ಕಡೆ ಸಂದರ್ಶನಕ್ಕೆ ಹೋಗಿ, ಮೊದಲ ಪ್ರಶ್ನೆಗೆ ಉತ್ತರ ಮುಗಿಸುವಷ್ಟರಲ್ಲಿ ಆ ಕಂಪನಿಯೇ ಬಾಗಿಲು ಮುಚ್ಚಿರುತ್ತದೆ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೆದರಿಕೆಯಿಂದ ಅವರು ಆ ದಿನ ಊಟದ ಡಬ್ಬಿಯನ್ನೇ ತೆರೆಯಲಿಲ್ಲ.

ಎರಡು ದಿನ ತಲೆ ಕೆರೆದುಕೊಂಡ ಮೇಲೆ ಅವರಿಗೆ ಒಂದು ಉಪಾಯ ಹೊಳೆಯಿತು. ಉಪಾಯ ಒಳ್ಳೆಯದೇ. ಬರೀ ಕೋರ್ ಇಟ್ಟುಕೊಂಡು ಉಳಿದದ್ದನ್ನೆಲ್ಲ ತೆಗೆದುಬಿಡುವುದು. ಆಮೇಲೆ ಒಂದೊಂದೇ ತುಣುಕು ಹಾಕುತ್ತ, ನಿಜವಾಗಿ ಬೇಕಾದ್ದು ಯಾವುದು, ಸುಮ್ಮನೆ ಬಂದು ಸೇರಿಕೊಂಡದ್ದು ಯಾವುದು ಎಂದು ನೋಡುವುದು. ತುಣುಕುಗಳ ಪಟ್ಟಿಯಲ್ಲಿ ಒಂದು ಸಾಲಿನ ಮೊದಲಿಗೆ ಒಂದು ಗೀಟಿನ ಗುರುತು ಹಾಕಿದರೆ ಕಂಪ್ಯೂಟರ್ ಆ ಸಾಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಭಾವ ಬುಧವಾರ ಬೆಳಗ್ಗಿನಿಂದ ಕೂತು, ಏಳುನೂರ ಹನ್ನೆರಡು ಸಾಲಿಗೂ, ಒಂದೊಂದಾಗಿ, ಕೈಯಾರೆ ಗುರುತು ಹಾಕಿದರು. ಒಟ್ಟಿಗೆ ಹಾಕುವ ದಾರಿ ಇದೆ; ಅದು ಅವರ ಜಾಯಮಾನಕ್ಕೆ ಒಗ್ಗುವುದಿಲ್ಲ. ಹನ್ನೊಂದಕ್ಕೆ, ತಳಹದಿ ಗಟ್ಟಿಯಾಗಿದೆಯೋ ನೋಡೋಣ ಎಂದು ಕೀಲಿ ಒತ್ತಿದರು.

ನಲವತ್ತೊಂದು ಸೆಕೆಂಡ್. ಹಸಿರು ಗುರುತು.

ಮ್ಯಾನೇಜರ್ ಸಾಹೇಬರು ನಡಿಗೆಯ ಮೊದಲ ಸುತ್ತಿನಲ್ಲಿದ್ದರು. ಭಾವನ ಬೆನ್ನ ಹಿಂದೆ ಬಂದವರು ಪರದೆ ನೋಡಿ ನಿಂತರು. ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಅವರು ಕೂಗಿದ ಕೂಗಿಗೆ ನಾನು ಎಚ್ಚರಗೊಂಡು ಚಿಲಕ ತೆಗೆದೆ.

"ನಲವತ್ತೊಂದು ಸೆಕೆಂಡ್! ಐದು ನಿಮಿಷ ಅಂದಿದ್ರು, ನಿಮಿಷವೂ ಆಗಿಲ್ಲ! ಎಲ್ರೂ ಬನ್ರಿ ಇಲ್ಲಿ!"

"ಸಾರ್, ಅದೇನಾಗುತ್ತೆ ಅಂದ್ರೆ..."

"ಏನೂ ಹೇಳ್ಬೇಡಿ! ವಿನಯ ಸಾಕು! ಹೇಗೆ ಮಾಡಿದ್ರಿ?"

"ಎಲ್ಲಾ ತೆಗೆದುಬಿಟ್ಟೆ ಸಾರ್. ಈಗ ಅದರಲ್ಲಿ..."

"ಬೇಡದ್ದೆಲ್ಲಾ ತೆಗೆದುಬಿಟ್ರಂತೆ! ಕೇಳಿಸ್ಕೊಳ್ಳಿ ಎಲ್ಲಾ! ಹತ್ತೊಂಬತ್ತು ವರ್ಷದಿಂದ ಈ ಮನುಷ್ಯನ್ನ ನಿಧಾನಸ್ಥ ಅಂತ ಆಡ್ಕೊಂಡ್ರಲ್ಲ, ನಾಚಿಕೆ ಆಗ್ಬೇಕು ನಿಮಗೆ!" ಆಡಿಕೊಂಡವರಲ್ಲಿ ಮೊದಲಿಗರು ಅವರೇ. ಆದರೂ ನಮಗೆಲ್ಲ ನಾಚಿಕೆಯಾಯಿತು.

"ಟೆಸ್ಟಿಂಗ್ ಏನನ್ನುತ್ತೆ?" ಎಂದು ಅವರು ನನ್ನ ಕಡೆ ತಿರುಗಿದರು.

ನಾನು ಓಡಿಹೋಗಿ ಪರೀಕ್ಷೆ ನಡೆಸಿದೆ. ಫಲಿತಾಂಶ ತಕ್ಷಣ ಬಂತು: ತಪ್ಪುಗಳು, ಸೊನ್ನೆ. ಇಂಥ ಫಲಿತಾಂಶವನ್ನು ನಾನು ಈ ಕಂಪನಿಯಲ್ಲಿ ಕಂಡೇ ಇರಲಿಲ್ಲ. ಸಂತೋಷದಲ್ಲಿ ಸಹಿ ಹಾಕಿದೆ. ಅದರ ಮೇಲಿನ ಸಾಲಿನಲ್ಲಿ, 'ನಡೆಸಿದ ಪರೀಕ್ಷೆಗಳು, ಸೊನ್ನೆ' ಎಂದಿತ್ತು. ಪರೀಕ್ಷೆ ಮಾಡುವ ತುಣುಕೂ ಆ ಏಳುನೂರ ಹನ್ನೆರಡರಲ್ಲೇ ಇತ್ತು. ಅದನ್ನು ಭಾವ ಮಧ್ಯಾಹ್ನ ನನ್ನನ್ನು ಮೆಟ್ಟಿಲಿನ ಕೆಳಗೆ ಎಳೆದುಕೊಂಡು ಹೋಗಿ ಹೇಳುವವರೆಗೆ ನನಗೆ ಹೊಳೆಯಲಿಲ್ಲ.

"ಅದರೊಳಗೆ ಏನೂ ಇಲ್ಲ ಕಣೋ. ಬರೀ ತಳಹದಿ. ಮೆಷಿನ್ ಎದ್ದು 'ಸಿದ್ಧ' ಅನ್ನುತ್ತೆ, ಅಷ್ಟೇ. ಗುಂಡಿ ಒತ್ತಿದ್ರೆ ಯಾವ ಗುಂಡಿ ಅಂತಾನೂ ಅದಕ್ಕೆ ಗೊತ್ತಾಗಲ್ಲ."

"ಭಾವ! ನಾನು ಸಹಿ ಹಾಕ್ಬಿಟ್ಟಿದೀನಲ್ಲ!"

"ಅದೇ ಹೇಳೋಣ ಅಂತ ನಿನ್ನ ಹಿಂದೇನೇ ಬಂದೆ. ನೀನು ಓಡಿದೆ."

ಆಗಲೇ ಹೋಗಿ ಮ್ಯಾನೇಜರಿಗೆ ಹೇಳಬಹುದಿತ್ತು. ಹೋದೆವು ಕೂಡ. ಬಾಗಿಲಲ್ಲಿ ಲೆಕ್ಕದ ಮೇಡಂ ಭಾವನನ್ನು ತಡೆದರು. ಕಣ್ಣು ತುಂಬಿಕೊಂಡಿದ್ದರು. "ನಿಮಗೆ ನಾನೇನು ಅನ್ಯಾಯ ಮಾಡಿದ್ದೆ? ಬೆಳಗ್ಗೆ ತಂಗಿಗೆ ಫೋನ್ ಮಾಡಿ ಹಲೋ ಅಂದೆ, ಬಿಲ್ಡ್ ಮುಗೀತು ಅಂತ ಕರೆದ್ರು. ಅವಳ ಅತ್ತೆ ಆಸ್ಪತ್ರೆಯಿಂದ ಬಂದ್ರೋ ಇಲ್ವೋ ನನಗಿನ್ನೂ ಗೊತ್ತಿಲ್ಲ!" ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಮ್ಯಾನೇಜರ್ ಸಾಹೇಬರು ಭಾವನ ಮೇಜಿನಿಂದ ಆ ಕಾರ್ಡು ಕಿತ್ತುಕೊಂಡು, ಬೀರುವಿಗೆ ಹಾಕಿ, ಬೀಗದ ಕೈಯನ್ನು ಜೇಬಿಗೆ ಇಳಿಸಿ, ಮಾಲೀಕರಿಗೆ ಸುದ್ದಿ ಹೇಳಲು ಕಾರು ಹತ್ತಿಬಿಟ್ಟಿದ್ದರು. ಗುರುವಾರ ಪೂರ್ತಿ ಅವರು ಆಫೀಸಿಗೇ ಬರಲಿಲ್ಲ. ಭಾವ ಆರು ಸಲ ಫೋನ್ ಮಾಡಿದರು. ಆರು ಸಲವೂ ಅವರು, "ಗೊತ್ತು ಗೊತ್ತು, ನಿಮ್ಮ ಹೆಸರೂ ಹೇಳಿದೀನಿ" ಎಂದು ಇಟ್ಟುಬಿಟ್ಟರು.

ಮನೆಯಲ್ಲಿ ಇನ್ನೊಂದು ಕಷ್ಟ. ಸುದ್ದಿ ಮನೆಗೂ ಮುಟ್ಟಿ, ಅಕ್ಕ ಊರಿಗೆಲ್ಲ ಹೇಳಿದ್ದಳು. ಎದುರು ಮನೆಯ ನಿವೃತ್ತ ಮೇಷ್ಟ್ರು ಬಂದು ಭಾವನ ಕೈ ಕುಲುಕಿ, ತಮ್ಮ ಮನೆಯ ಗ್ರೈಂಡರ್ ಕೂಡ ಬಹಳ ನಿಧಾನ, ಒಂದು ಸಲ ನೋಡಬಹುದೇ ಎಂದು ಕೇಳಿದರು. ಅಮ್ಮ ಫೋನಿನಲ್ಲಿ, "ನನಗೆ ಮೊದಲಿಂದ್ಲೂ ಗೊತ್ತಿತ್ತು, ದೊಡ್ಡ ಅಳಿಯಂದ್ರು ಮೌನವಾಗಿದ್ದೇ ಸಾಧಿಸೋರು ಅಂತ" ಎಂದಳು. ಹೀಗೆ ಅಂದವಳು ಭಾನುವಾರ ಸೆರಗು ಬಾಯಿಗೆ ಒತ್ತಿಕೊಂಡಿದ್ದವಳೇ. ಅಕ್ಕ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಓಡಾಡುತ್ತ, ಭಾವನ ಇಸ್ತ್ರಿ ಅಂಗಿಯನ್ನು ಮೂರು ಸಲ ಇಸ್ತ್ರಿ ಮಾಡಿದಳು. ಅವಳು ಅಷ್ಟು ಖುಷಿಯಲ್ಲಿದ್ದದ್ದನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ. ಭಾವ ಆ ಅಂಗಿಯನ್ನೇ ತೊಟ್ಟುಕೊಂಡರು.

ಶುಕ್ರವಾರ ಹತ್ತೂವರೆಗೆ ನಾವು ಚಿಕ್ಕ ಭಾವನ ಕಚೇರಿಯಲ್ಲಿದ್ದೆವು. ಹಾಲ್ ತುಂಬ ಜನ. ಎರಡು ಕೌಂಟರ್, ಎರಡಕ್ಕೂ ಜನ ಜೇನುಹುಳುಗಳ ಹಾಗೆ ಮುತ್ತಿಕೊಂಡಿದ್ದರು. ಒಬ್ಬರ ಕಂಕುಳಿನಿಂದ ಇನ್ನೊಬ್ಬರ ಕೈ, ಆ ಕೈಯಲ್ಲಿ ಒಂದು ಅರ್ಜಿ. ಬಾಗಿಲ ಪಕ್ಕದಲ್ಲಿ ನಮ್ಮ ಟೋಕನ್ ಮೆಷಿನ್ ನಿಂತಿತ್ತು. ಅದರ ಕಡೆ ಯಾರೂ ನೋಡುತ್ತಿರಲಿಲ್ಲ.

ದೊಡ್ಡ ಸಾಹೇಬರು ಬಂದರು. ನಮ್ಮ ಮ್ಯಾನೇಜರ್ ಕಾರ್ಡು ಹಾಕಿ ಸ್ವಿಚ್ ಒತ್ತಿದರು. ಮೊದಲು ಆ ಮೆಷಿನ್ ಏಳಲು ಐದು ನಿಮಿಷ ಬೇಕಾಗುತ್ತಿತ್ತು. ಈಗ ಎರಡು ಸೆಕೆಂಡಿಗೆ ಬೋರ್ಡ್ ಮೇಲೆ 'ಸಿದ್ಧ' ಎಂದು ಬಂತು. ಕಚೇರಿಯ ಸಿಬ್ಬಂದಿ ಚಪ್ಪಾಳೆ ತಟ್ಟಿದರು.

"ಭೇಷ್!" ಎಂದರು ದೊಡ್ಡ ಸಾಹೇಬರು. ಹಾಗೇ ಹೋಗಿಬಿಡಬಹುದಿತ್ತು. ಆದರೆ ಕೈ ಸುಮ್ಮನಿರದೆ ಹೋಗುತ್ತ ಹೋಗುತ್ತ ಗುಂಡಿ ಒತ್ತಿದರು. ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದರು.

ಭಾವ ಮುಂದೆ ಬಂದರು. "ಸಾರ್, ಅದೇನಾಗುತ್ತೆ ಅಂದ್ರೆ..."

"ಕಾಗದ ಮುಗಿದಿರಬೇಕು ಸಾರ್!" ಎಂದು ಚಿಕ್ಕ ಭಾವ ನಡುವೆ ಹಾರಿದರು. ತಮ್ಮ ಕಚೇರಿಯಲ್ಲಿ ಏನೇ ಕೆಟ್ಟರೂ ಅದು ತಮ್ಮ ತಲೆಗೇ ಬರುತ್ತದೆಂದು ಅವರಿಗೆ ಗೊತ್ತು.

"ಹೌದು ಸಾರ್, ಕಾಗದವೇ!" ಎಂದು ನಮ್ಮ ಮ್ಯಾನೇಜರ್ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹಾಗಾದ್ರೆ ಹಾಕಿ" ಎಂದ ದೊಡ್ಡ ಸಾಹೇಬರು, ತಾವೇ ಮೆಷಿನ್‌ನ ಮುಚ್ಚಳ ತೆಗೆದರು. ಕಾಗದದ ಸುರುಳಿ ಇರಬೇಕಾದ ಜಾಗದಲ್ಲಿ ಒಂದು ಊಟದ ಡಬ್ಬಿ ಇತ್ತು. ಅದನ್ನು ನಾನು ಕಂಡಕೂಡಲೇ ಗುರುತಿಸಿದೆ. ಚಿಕ್ಕಕ್ಕನ ಮದುವೆಗೆ ನಾನೇ ಕೊಟ್ಟದ್ದು. ಚಿಕ್ಕ ಭಾವನ ಮುಖ ಬಿಳಿಚಿಕೊಂಡಿತು. "ಒಳಗೆ ಬೆಚ್ಚಗಿರುತ್ತೆ ಸಾರ್" ಎಂದರು. ಎರಡು ವರ್ಷದಿಂದ ಆ ಮೆಷಿನ್ ಒಂದು ಚೀಟಿಯನ್ನೂ ಕೊಟ್ಟಿರಲಿಲ್ಲ. ಕೆಲಸ ತಡವಾಗುವುದೇಕೆಂದು ಯಾರಾದರೂ ಕೇಳಿದರೆ, ಮೆಷಿನ್ ನಿಧಾನ ಎಂದು ಚಿಕ್ಕ ಭಾವ ನಮಗೆ ಕಾಗದ ಬರೆಯುತ್ತಿದ್ದರು, ಅಷ್ಟೇ.

ಆಗ ದೊಡ್ಡ ಸಾಹೇಬರ ಹಿಂದಿನಿಂದ ಒಬ್ಬರು ಅಜ್ಜಿ, "ನಿಮ್ದಾಯ್ತಾ? ಸ್ವಲ್ಪ ಸರೀರಿ" ಎಂದು ಮುಂದೆ ಬಂದು ಗುಂಡಿ ಒತ್ತಿ, ಚೀಟಿಗೆ ಕೈಯೊಡ್ಡಿ ನಿಂತರು. ಅವರ ದಾಖಲೆಯಲ್ಲಿ ಹೆಣ್ಣು ಎಂದಿರಬೇಕಾದಲ್ಲಿ ಗಂಡು ಎಂದಿತ್ತಂತೆ. ತಿದ್ದಿಸಲು ನಾಲ್ಕು ದಿನದಿಂದ ಬರುತ್ತಿದ್ದರು. "ಮೆಷಿನ್ ನಂಬರ್ ಕೊಟ್ಟ ಮೇಲೆ ಬನ್ನಿ ಅಂದ್ರು ಇವರು. ದಿನಾ ಒತ್ತಿ ಒತ್ತಿ ಹೋಗ್ತಿದೀನಿ. ಇವತ್ತಾದ್ರೂ ಕೊಡುತ್ತೇನಪ್ಪಾ?" ಎಂದು ಭಾವನನ್ನೇ ಕೇಳಿದರು.

ಇಡೀ ಊರಿನಲ್ಲಿ ನಮ್ಮ ಮೆಷಿನನ್ನು ನಂಬಿದವರು ಅವರೊಬ್ಬರೇ. ಭಾವ ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು. ಯಾರಿಗೂ ಅವರ ಮಾತು ಮುಗಿಸುವ ಧೈರ್ಯ ಇರಲಿಲ್ಲ.

"ಕೊಡಲ್ಲ ಅಜ್ಜಿ. ಇದರೊಳಗೆ ಏನೂ ಇಲ್ಲ. ನಾನೇ ಎಲ್ಲಾ ತೆಗೆದು, ಬೇಗ ಆಯ್ತು ಅಂತ ಎಲ್ಲರೂ ಅಂದಾಗ ಬಾಯಿ ಮುಚ್ಕೊಂಡು ಇದ್ದೆ. ತಪ್ಪು ನಂದು."

ಹಾಲಿನಲ್ಲಿ ಕೌಂಟರಿನ ಜನ ಕೂಡ ತಿರುಗಿದರು. ನಮ್ಮ ಮ್ಯಾನೇಜರ್ ಹಲ್ಲು ಕಚ್ಚಿ, "ಸೋಮವಾರ ಬಂದು ಲೆಟರ್ ತಗೊಂಡು ಹೋಗಿ" ಎಂದು ಮೆಲ್ಲಗೆ ಹೇಳಿ, ದೊಡ್ಡ ಸಾಹೇಬರನ್ನು ಹಿಂಬಾಲಿಸಿ ಹೊರನಡೆದರು. ಚಿಕ್ಕ ಭಾವ ಡಬ್ಬಿ ಹಿಡಿದುಕೊಂಡು ಅವರಿಬ್ಬರ ಹಿಂದೆ ಓಡಿದರು.

"ಅಯ್ಯೋ, ಹಾಗಾದ್ರೆ ನಂಗೆ ನಂಬರ್ ಯಾರು ಕೊಡ್ತಾರೆ?" ಎಂದರು ಅಜ್ಜಿ.

ಭಾವ ನನ್ನ ಕೈಯಿಂದ ಟೆಸ್ಟಿಂಗ್ ಪುಸ್ತಕ ತೆಗೆದುಕೊಂಡು, ಒಂದು ಹಾಳೆ ಹರಿದು, ಒಂದು ಎಂದು ಬರೆದು ಅವರಿಗೆ ಕೊಟ್ಟರು. ಪಕ್ಕದಲ್ಲಿದ್ದವರು ಕೈ ಚಾಚಿದರು, ಅವರಿಗೆ ಎರಡು. ಆಮೇಲೆ ನೂಕುನುಗ್ಗಲು ಮೆಷಿನ್ ಕಡೆಗೆ ತಿರುಗಿತು. ಭಾವ ನಂಬರ್ ಬರೆದರು, ನಾನು ಹರಿದು ಹಂಚಿದೆ. ಭಾವ ಸ್ಟೂಲ್ ಮೇಲೆ ಹತ್ತಿ ನಿಂತು ನಂಬರ್ ಕೂಗತೊಡಗಿದರು. ಒಬ್ಬರಿಗೆ ಕಿವಿ ಕೇಳಿಸದು. ಅದಕ್ಕೆ ದೊಡ್ಡದಾಗಿ ಬರೆದು ಎತ್ತಿ ತೋರಿಸಿದರು. ಒಬ್ಬರು ಶೌಚಾಲಯಕ್ಕೆ ಹೋಗಿ ಬಂದರು. ಅದಕ್ಕೆ ತಪ್ಪಿದ ನಂಬರನ್ನು ಮತ್ತೆ ಕೂಗಿದರು. ಯಾವ ಕೌಂಟರ್ ಎಂದು ಒಬ್ಬರು ಕೇಳಿದರು, ಭಾವ ಅದನ್ನೂ ಹೇಳಿದರು. ಜನ ಏನಾದರೂ ಕೇಳಿದಾಗೆಲ್ಲ ಭಾವ ತಮ್ಮ ಬಳಿ ಇಟ್ಟುಕೊಂಡ ಒಂದು ಹಾಳೆಯ ಹಿಂದೆ ಒಂದು ಸಾಲು ಗೀಚಿಕೊಳ್ಳುತ್ತಿದ್ದರು. ಅಜ್ಜಿ ಹನ್ನೊಂದೂಕಾಲಿಗೆ ಹೆಣ್ಣಾಗಿ ಹೊರಗೆ ಬಂದರು. ಬಂದವರು ಮನೆಗೆ ಹೋಗದೆ, ಇನ್ನೊಬ್ಬರಿಗೆ ಕ್ರಮ ಹೇಳಿಕೊಡುತ್ತ ಸಂಜೆಯವರೆಗೆ ಅಲ್ಲೇ ಕೂತರು. ಐದು ಗಂಟೆಗೆ ಭಾವನ ಗಂಟಲು ಪೂರ್ತಿ ಕೂತುಹೋಗಿತ್ತು. ಹಾಲ್ ಖಾಲಿಯಾಗಿತ್ತು. ಹಾಳೆಯ ಹಿಂದೆ ಹತ್ತೊಂಬತ್ತು ಸಾಲುಗಳಿದ್ದವು.

ಭಾವ ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದರು. ಗಂಟಲಿಲ್ಲದ ಕಾರಣ ಪಿಸುಗುಟ್ಟಿದರು. ಅಕ್ಕ ಮೊದಲ ಸಲ, ಕಿವಿ ಹತ್ತಿರ ತಂದು, ಕೊನೆಯವರೆಗೆ ಕೇಳಿದಳು. ಅತ್ತಳು. ಆಮೇಲೆ ಊಟದ ಮೇಜಿನ ಮೇಲಿದ್ದದ್ದನ್ನೆಲ್ಲ ಎತ್ತಿಟ್ಟು, "ಇಲ್ಲೇ ಕೂತು ಮಾಡಿ" ಎಂದಳು. ಶನಿವಾರ, ಭಾನುವಾರ ಎರಡು ಹಗಲು ಭಾವ ಅಲ್ಲಿಂದ ಏಳಲಿಲ್ಲ. ಏಳುನೂರ ಹನ್ನೆರಡರಲ್ಲಿ, ಆ ಹತ್ತೊಂಬತ್ತು ಸಾಲಿಗೆ ಬೇಕಾದ ತುಣುಕುಗಳ ಗುರುತನ್ನು ಮಾತ್ರ ಒಂದೊಂದಾಗಿ ಅಳಿಸಿದರು. ಈ ಸಲ ನಾನು ಆಫೀಸಿನ ಟೆಸ್ಟಿಂಗ್ ಮೆಷಿನ್‌ನ ಗುಂಡಿಯನ್ನು ನನ್ನ ಬೆರಳಿನಿಂದಲೇ ಇನ್ನೂರು ಸಲ ಒತ್ತಿದೆ, ಇನ್ನೂರು ಚೀಟಿ ಎಣಿಸಿದೆ.

ಸೋಮವಾರ ಮ್ಯಾನೇಜರ್ ಸಾಹೇಬರ ಮೇಜಿನ ಮೇಲೆ ಲೆಟರ್ ಸಿದ್ಧವಾಗಿತ್ತು. ಭಾವ ಕೂರದೆ, ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ ಕೀಲಿ ಒತ್ತಿದರು. ಮೂವರೂ ಗೋಡೆ ಗಡಿಯಾರ ನೋಡುತ್ತ ನಿಂತೆವು. ನಾಲ್ಕು ನಿಮಿಷ ಹತ್ತು ಸೆಕೆಂಡ್. ನಾನು ಕಾರ್ಡನ್ನು ಮೆಷಿನ್‌ಗೆ ಹಾಕಿದೆ. ಗುಂಡಿ ಒತ್ತಿದೆ. ಚೀಟಿ ಬಂತು.

ಮ್ಯಾನೇಜರ್ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಲೆಟರ್ ಮೇಲೆ ಇಟ್ಟಿದ್ದ ಕೈ ಸ್ವಲ್ಪ ಸಡಿಲವಾಯಿತು. "ತೆಗೆದಿದ್ದರ ಪಟ್ಟಿ ಕೊಡಿ" ಎಂದರು. ಮೂರನೆಯ ಪುಟದಲ್ಲಿ ಅವರ ಬೆರಳು ನಿಂತುಬಿಟ್ಟಿತು.

"ಇದು... ನನ್ನ ಸ್ವಾಗತ ಭಾಷಣ ಅಲ್ವೇನ್ರೀ?"

ಬೆಳಗ್ಗೆ ಮೆಷಿನ್ ಹಾಕಿದ ಕೂಡಲೇ ಬೋರ್ಡಿನ ಮೇಲೆ ಮ್ಯಾನೇಜರ್ ಸಾಹೇಬರೇ ಕೋಟು ತೊಟ್ಟು ಬಂದು ಗ್ರಾಹಕರನ್ನುದ್ದೇಶಿಸಿ ಮಾತಾಡುವ ವಿಡಿಯೋ ಅದು. ನಮ್ಮಲ್ಲಿ ಅದರ ಮಾತೆತ್ತಿದವರು ಯಾರೂ ಇರಲಿಲ್ಲ.

"ಹೌದು ಸಾರ್" ಎಂದರು ಭಾವ. "ಹನ್ನೊಂದು ಅಳತೆಯ ಬೋರ್ಡಿಗೆ ಹನ್ನೊಂದು ಸಲ ಅದನ್ನ ತಯಾರು ಮಾಡ್ಬೇಕು. ಐವತ್ಮೂರು ನಿಮಿಷದಲ್ಲಿ ಮೂವತ್ತು ನಿಮಿಷ ಅದಕ್ಕೇ ಹೋಗ್ತಿತ್ತು."

"ಅಲ್ರೀ, ಜನ ಅದನ್ನ ಕೇಳೋದಿಲ್ವಾ?"

"ಶುಕ್ರವಾರ ನೂರ ಹದಿನಾಲ್ಕು ಜನ ಬಂದಿದ್ರು ಸಾರ್. ಅವರು ಕೇಳಿದ್ದೆಲ್ಲಾ ಬರ್ಕೊಂಡಿದೀನಿ. ಭಾಷಣದ ವಿಚಾರ ಎತ್ತಿದ್ದು ಆ ಅಜ್ಜಿ ಒಬ್ರೇ."

ಮ್ಯಾನೇಜರ್ ಸಾಹೇಬರ ಮುಖ ಅರಳಿತು. "ನೋಡಿ! ಏನಂದ್ರು?"

"ದಿನಾ ಬೆಳಗ್ಗೆ ಒಬ್ಬರು ಬಂದು ಮಾತಾಡ್ತಾ ಇದ್ರಲ್ಲ, ಇವತ್ತು ಬಂದಿಲ್ಲ, ಸದ್ಯ, ಅಂದ್ರು ಸಾರ್."

ಮ್ಯಾನೇಜರ್ ಸಾಹೇಬರು ಆ ಪಟ್ಟಿಯನ್ನು ಮಡಚಿಟ್ಟರು. ಆಮೇಲೆ ಲೆಟರನ್ನು ಎತ್ತಿ ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿ, ನಮ್ಮ ಮುಖ ನೋಡದೆ, "ಬಾಗಿಲು ಎಳ್ಕೊಂಡು ಹೋಗಿ" ಎಂದರು.